ಚಾರ್ಟರ್ ಶಾಲೆ: ತೆರೆಯುವುದು ಜನ, ಬೆಳೆಸುವುದು ಸಾಲ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ವಾರಾಂತ್ಯದ ಕನ್ನಡ ಕಲಿ ತರಗತಿಗೆ ಮಕ್ಕಳನ್ನು ಬಿಡಲು ಬರುವ ಕೆಲವು ಅಪ್ಪ ಅಮ್ಮಂದಿರು ಮಾತಾಡಿಕೊಳ್ಳುತ್ತಾ, ನಾವೇ ಒಂದು ಚಾರ್ಟರ್ ಶಾಲೆ ಯಾಕೆ ತೆರೆಯಬಾರದು ಅಂದುಕೊಂಡೆವು. ಬಡಾವಣೆಯ ಮೆಕ್ಸಿಕನ್, ಫಿಲಿಪೀನೋ ಕುಟುಂಬಗಳಿಗೂ ಆಸಕ್ತಿ ಇದೆ. ಇದು ನಮ್ಮ ಊರಿನ ಅನುದಾನಿತ ಶಾಲೆಯ ಥರವಾ? ಜನರೇ ಸೇರಿ ಕಟ್ಟಿದ ಇಂಥ ಶಾಲೆ ಮುಂದೆ ಹತ್ತು ಹದಿನೈದು ಶಾಲೆಗಳ ಜಾಲವಾಗಿ ಬೆಳೆದ ಉದಾಹರಣೆ ಇದೆಯಾ? ಅವರು ಹೇಗೆ ಮಾಡಿದರು?

ಉತ್ತರ: ತೆರೆಯಬಹುದು. ಚಾರ್ಟರ್ ಶಾಲೆ ಅಂದರೆ ಸರ್ಕಾರದ ದುಡ್ಡಿನಲ್ಲಿ, ತನ್ನದೇ ಬೋರ್ಡಿನ ಕೈಯಲ್ಲಿ ನಡೆಯುವ ಸಾರ್ವಜನಿಕ ಶಾಲೆ. ಕಾನೂನಿನಲ್ಲಿ ಅಡ್ಡಿ ಇಲ್ಲ. ಉದಾಹರಣೆಗಳೂ ಬೇಕಾದಷ್ಟಿವೆ. ಅದರಲ್ಲಿ ಎರಡನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಲಾಸ್ ಏಂಜಲೀಸ್‌ನದು, ಇನ್ನೊಂದು ಶಿಕಾಗೋದ್ದು. ಎರಡೂ ವಲಸೆ ಬಂದ ಬಡ ಜನರ ನಡುವೆ ಹುಟ್ಟಿದವು, ಎರಡೂ ಬೆಳೆದವು, ಆದರೆ ದಾರಿ ಮಾತ್ರ ಒಂದೇ ಆಗಲಿಲ್ಲ. ಇಂಥ ಶಾಲೆಗಳ ಲೆಕ್ಕಪತ್ರ ನೋಡುತ್ತಾ ಬಂದ ನನಗೆ ಒಂದು ವಿಷಯ ಗಟ್ಟಿಯಾಗಿ ಕಾಣುತ್ತದೆ. ಶಾಲೆ ತೆರೆಯುವಾಗ ಜನ ಬೇಕು. ಬೆಳೆಸುವಾಗ ಕಟ್ಟಡ ಬೇಕು, ಕಟ್ಟಡಕ್ಕೆ ಸಾಲ ಬೇಕು. ಆ ಸಾಲದ ಕಾಗದಕ್ಕೆ ಯಾರು ಸಹಿ ಹಾಕುತ್ತಾರೆ ಅನ್ನುವಲ್ಲೇ ಶಾಲೆ ಜನರ ಕೈಯಲ್ಲಿ ಉಳಿಯುತ್ತದಾ ಇಲ್ಲವಾ ಅನ್ನುವುದು ತೀರ್ಮಾನವಾಗುತ್ತದೆ. ಪಠ್ಯಕ್ರಮ, ಭಾಷೆ, ಸಮವಸ್ತ್ರ ಇವೆಲ್ಲ ಆಮೇಲಿನ ಮಾತು.

ಮೊದಲು ಅನುದಾನಿತ ಶಾಲೆಯ ಹೋಲಿಕೆ. ನಮ್ಮಲ್ಲಿ ಮಠವೋ ಟ್ರಸ್ಟೋ ಜಾಗ, ಕಟ್ಟಡ ಮಾಡಿಕೊಳ್ಳುತ್ತದೆ, ಸರ್ಕಾರ ಮೇಷ್ಟ್ರ ಸಂಬಳ ಕೊಡುತ್ತದೆ, ಅಲ್ವಾ? ಚಾರ್ಟರ್ ಶಾಲೆಯಲ್ಲಿ ಹುದ್ದೆ ಲೆಕ್ಕಕ್ಕೆ ದುಡ್ಡು ಬರುವುದಿಲ್ಲ. ತಲೆಗಿಷ್ಟು ಅಂತ ಮಕ್ಕಳ ಲೆಕ್ಕದಲ್ಲಿ ಬರುತ್ತದೆ. ಎಷ್ಟು ಮೇಷ್ಟ್ರನ್ನು ಇಟ್ಟುಕೊಳ್ಳಬೇಕು, ಎಷ್ಟು ಕೊಡಬೇಕು ಅನ್ನುವುದು ಶಾಲೆಯ ಬೋರ್ಡಿಗೆ ಬಿಟ್ಟದ್ದು. ಫೀಸು ತೆಗೆದುಕೊಳ್ಳುವಂತಿಲ್ಲ, ಪ್ರವೇಶ ಪರೀಕ್ಷೆ ಇಡುವಂತಿಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಚೀಟಿ ಎತ್ತಬೇಕು. ಇದಕ್ಕೆಲ್ಲ ಒಂದು ಒಪ್ಪಂದ ಇರುತ್ತದೆ, ಅದೇ ಚಾರ್ಟರ್. ಸಾಮಾನ್ಯವಾಗಿ ಐದು ವರ್ಷದ್ದು. ಹೇಳಿದಂತೆ ನಡೆಸದಿದ್ದರೆ ಒಪ್ಪಂದ ಕೊಟ್ಟವರು, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟೋ ಕೌಂಟಿಯೋ ಕೆಲವು ರಾಜ್ಯಗಳಲ್ಲಿ ವಿಶ್ವವಿದ್ಯಾಲಯವೋ, ಅದನ್ನು ನವೀಕರಿಸದೆ ಬಿಡಬಹುದು. ಆಗ ಶಾಲೆ ಮುಚ್ಚಬೇಕು. ನಮ್ಮ ಕಡೆ ಅನುದಾನಿತ ಶಾಲೆ ಇಂಥ ಒಪ್ಪಂದದ ಮೇಲೆ ನಡೆಯುವುದಿಲ್ಲ.

ಈ ಆಲೋಚನೆ ಬಂದದ್ದು ಮೇಷ್ಟ್ರುಗಳ ಕಡೆಯಿಂದಲೇ. ಮ್ಯಾಸಚೂಸೆಟ್ಸ್‌ನ ಪ್ರಾಧ್ಯಾಪಕ ರೇ ಬಡ್ಡೆ ಇದನ್ನು ಮೊದಲು ಬರೆದರು. 1988ರಲ್ಲಿ ಶಿಕ್ಷಕರ ಸಂಘದ ಅಧ್ಯಕ್ಷ ಆಲ್ಬರ್ಟ್ ಶಾಂಕರ್ ವಾಷಿಂಗ್ಟನ್‌ನ ಒಂದು ಭಾಷಣದಲ್ಲಿ ಎತ್ತಿಕೊಂಡರು. ಮೇಷ್ಟ್ರುಗಳ ಸಣ್ಣ ಗುಂಪು ಹೊಸ ರೀತಿಯಲ್ಲಿ ಪಾಠ ಮಾಡಿ ನೋಡಲಿ ಅನ್ನುವುದು ಅವರ ಆಸೆ. 1991ರಲ್ಲಿ ಮಿನೆಸೋಟ ಮೊದಲ ಕಾನೂನು ಮಾಡಿತು. 1992ರಲ್ಲಿ ಸೇಂಟ್ ಪಾಲ್ ನಗರದಲ್ಲಿ ಸಿಟಿ ಅಕಾಡೆಮಿ ಅನ್ನುವ ಮೊದಲ ಚಾರ್ಟರ್ ಶಾಲೆ ಶುರುವಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕಾನೂನೂ ಬಂತು. ಮುಂದೆ ಶಾಂಕರ್ ಅವರೇ ಇದರಿಂದ ದೂರ ಸರಿದರು, ಅದು ಬೇರೆ ಕಥೆ. ಈಗ ದೇಶದಲ್ಲಿ ಸುಮಾರು 37 ಲಕ್ಷ ಮಕ್ಕಳು ಚಾರ್ಟರ್ ಶಾಲೆಗಳಲ್ಲಿದ್ದಾರೆ.

ಲಾಸ್ ಏಂಜಲೀಸ್‌ನ ಕಥೆ ಮ್ಯಾಕ್‌ಆರ್ಥರ್ ಪಾರ್ಕ್ ಸುತ್ತಮುತ್ತಲಿನದು. ಮೆಕ್ಸಿಕೋದಿಂದ, ಎಲ್ ಸಾಲ್ವಡಾರ್, ಗ್ವಾಟೆಮಾಲದಂಥ ದೇಶಗಳಿಂದ ಬಂದವರು ಕಿಕ್ಕಿರಿದು ಬದುಕುವ ಜಾಗ. ತೊಂಬತ್ತರ ದಶಕದಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಜಾಗವೇ ಇರಲಿಲ್ಲ. ಮಕ್ಕಳನ್ನು ತಂಡ ತಂಡ ಮಾಡಿ, ಒಂದು ತಂಡಕ್ಕೆ ರಜೆ ಕೊಟ್ಟಾಗ ಇನ್ನೊಂದಕ್ಕೆ ಪಾಠ ಮಾಡಿ, ವರ್ಷವಿಡೀ ಶಾಲೆ ನಡೆಸುತ್ತಿದ್ದರು. ಆದರೂ ಸಾಲದೆ ಎಷ್ಟೋ ಮಕ್ಕಳನ್ನು ಬಸ್ಸಿನಲ್ಲಿ ದೂರದ ಬಡಾವಣೆಗಳಿಗೆ ಸಾಗಿಸುತ್ತಿದ್ದರು. ಪುಟ್ಟ ಮಗು ಬೆಳಿಗ್ಗೆ ಕತ್ತಲಲ್ಲೇ ಎದ್ದು ಬಸ್ಸು ಹತ್ತಬೇಕು. ಮಗುವಿಗೆ ಹುಷಾರಿಲ್ಲ ಅಂತ ಶಾಲೆಯಿಂದ ಫೋನ್ ಬಂದರೆ, ಕಾರಿಲ್ಲದ ಅಮ್ಮ ಹೋಗುವುದು ಹೇಗೆ?

ಅಲ್ಲಿ ಎಪಿಸ್ಕೋಪಲ್ ಚರ್ಚಿನ ಪಾದ್ರಿ ಫಿಲಿಪ್ ಲ್ಯಾನ್ಸ್ ಪುಎಬ್ಲೊ ನುಎವೊ ಅನ್ನುವ ಒಂದು ಸಣ್ಣ ಸಮುದಾಯ ಕಟ್ಟಿದ್ದರು. ಅವರು ಶಾಲೆಯಿಂದ ಶುರು ಮಾಡಲಿಲ್ಲ, ಇದನ್ನು ಗಮನಿಸಿ. ಮೊದಲು ಹಳೆ ಬಟ್ಟೆ, ಸಾಮಾನು ಮಾರುವ ಅಂಗಡಿ ಬಂತು. ಆಮೇಲೆ ಕಟ್ಟಡಗಳನ್ನು ಸ್ವಚ್ಛ ಮಾಡುವ ಕೆಲಸದವರೇ ಮಾಲೀಕರಾದ ಒಂದು ಕಂಪನಿ. ಜನಕ್ಕೆ ಬೇಕಾದದ್ದು ಮೊದಲು ಕೆಲಸ, ಕೈಗೆ ನಾಲ್ಕು ಕಾಸು. ಒಟ್ಟಿಗೆ ದುಡಿದು, ಲೆಕ್ಕ ಇಟ್ಟು, ಜಗಳ ಆಡಿ, ರಾಜಿ ಆಗಿ ವರ್ಷಗಳು ಕಳೆದ ಮೇಲೆ ಮಕ್ಕಳ ಶಾಲೆಯ ಮಾತು ಮುಂದೆ ಬಂತು. 2000ದಲ್ಲಿ ಕ್ಯಾಮಿನೊ ನುಎವೊ ಚಾರ್ಟರ್ ಅಕಾಡೆಮಿ ತೆರೆಯಿತು.

ಎಲ್ಲಿ ತೆರೆಯಿತು ಗೊತ್ತಾ? ಬರ್ಲಿಂಗ್ಟನ್ ಅವೆನ್ಯೂದ ಒಂದು ಮಿನಿ ಮಾಲ್‌ನಲ್ಲಿ. ನೀವು ಅಲ್ಲೇ ಇರುವುದರಿಂದ ಈ ನಮೂನೆ ಕಣ್ಣಿಗೆ ಕಟ್ಟುತ್ತದೆ: ಎರಡು ಅಂತಸ್ತು, ಸಾಲಾಗಿ ಅಂಗಡಿಗಳು, ಮುಂದೆ ಕಾರು ನಿಲ್ಲಿಸುವ ಅಂಗಳ. ಡಾಲಿ ಜೆನಿಕ್ ಅನ್ನುವ ವಾಸ್ತುಶಿಲ್ಪಿಗಳ ಸಂಸ್ಥೆ ಅದನ್ನು ಶಾಲೆ ಮಾಡಿತು. ಅಂಗಡಿ ಇದ್ದಲ್ಲಿ ತರಗತಿ. ಕಾರು ನಿಲ್ಲುತ್ತಿದ್ದ ಜಾಗ ಮಕ್ಕಳು ಆಡುವ ಅಂಗಳ. ಸಿಮೆಂಟು, ಹೊಗೆಯ ಆ ಬೀದಿಯಲ್ಲಿ ಹೊಸ ಜಾಗ ಕೊಂಡು ಹೊಸದಾಗಿ ಕಟ್ಟುವ ಶಕ್ತಿ ಯಾರಿಗೂ ಇರಲಿಲ್ಲ. ಇದ್ದದ್ದನ್ನೇ ಬಳಸಿಕೊಂಡರು. ಶಾಲೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇತ್ತು. ಅಲ್ಲಿನ ಅಮ್ಮಂದಿರಿಗೆ ಅದೇ ದೊಡ್ಡದು.

ಇನ್ನೊಂದು ವಿಷಯ ನಿಮಗೆ ಮುಖ್ಯ, ಭಾಷೆ. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 227 ಅನ್ನುವ ಪ್ರಸ್ತಾವಕ್ಕೆ ಮತ ಹಾಕಿ ಒಪ್ಪಿ, ಸರ್ಕಾರಿ ಶಾಲೆಗಳಲ್ಲಿ ಎರಡು ಭಾಷೆಯ ಕಲಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿದ್ದರು. ಚಾರ್ಟರ್ ಶಾಲೆಗೆ ಆ ಕಟ್ಟು ಇರಲಿಲ್ಲ. ಹಾಗಾಗಿ ಕ್ಯಾಮಿನೊ ನುಎವೊ ಮಕ್ಕಳಿಗೆ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಓದು ಬರಹ ಕಲಿಸಿತು. ಆ ಕಟ್ಟು ಸಡಿಲವಾದದ್ದು 2016ರಲ್ಲಿ, ಪ್ರೊಪೊಸಿಷನ್ 58 ಬಂದಾಗ. ಅಲ್ಲಿಯವರೆಗೆ ಈ ಶಾಲೆ ತನ್ನ ಪಾಡಿಗೆ ತಾನು ಎರಡು ಭಾಷೆಯಲ್ಲಿ ನಡೆದುಕೊಂಡು ಬಂತು.

ಬೆಳೆದದ್ದು ಹೇಗೆ? ಐದನೇ ಕ್ಲಾಸು ಮುಗಿಸಿದ ಮಗು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಯಿಂದ. ಮಾಧ್ಯಮಿಕ ಶಾಲೆ ತೆರೆದರು. ಆ ಮಕ್ಕಳು ದೊಡ್ಡವರಾದಾಗ 2004ರಲ್ಲಿ ಹೈಸ್ಕೂಲು. ಒಂದು ಮಗುವಿನ ಹಿಂದೆ ಹಿಂದೆ ಶಾಲೆ ಬೆಳೆಯಿತು ಅನ್ನಬಹುದು. ಮುಂದೆ ಇದನ್ನು ಬಹಳ ಕಾಲ ನಡೆಸಿದವರು ಆನಾ ಪೋನ್ಸೆ. ಮಗುವಾಗಿದ್ದಾಗ ಮೆಕ್ಸಿಕೋದಿಂದ ಬಂದು ಇದೇ ಬಡಾವಣೆಯಲ್ಲಿ ಬೆಳೆದವರು. ಕ್ಯಾಂಪಸ್‌ಗಳು ಎಂಟಕ್ಕೆ ಮುಟ್ಟಿದರೂ ಎಲ್ಲ ಆ ಸುತ್ತಿನಲ್ಲೇ ಇದ್ದವು. ಇನ್ನೊಂದು ರಾಜ್ಯಕ್ಕೆ ಹೋಗಲಿಲ್ಲ. ಇದು ಶಕ್ತಿ ಇಲ್ಲದ್ದಕ್ಕೆ ಆದದ್ದಲ್ಲ, ಬೇಕೆಂದೇ ಮಾಡಿದ್ದು ಅಂತ ನನಗನ್ನಿಸುತ್ತದೆ.

ಎಲ್ಲ ಜಾಲವೂ ಹೀಗೆ ಬೆಳೆಯುವುದಿಲ್ಲ. ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರುವ ಕಿಪ್ ಅನ್ನುವ ಚಾರ್ಟರ್ ಜಾಲವನ್ನೇ ನೋಡಿ. 1994ರಲ್ಲಿ ಹ್ಯೂಸ್ಟನ್‌ನಲ್ಲಿ ಇಬ್ಬರು ಎಳೆ ಮೇಷ್ಟ್ರು, ಮೈಕ್ ಫೈನ್‌ಬರ್ಗ್ ಮತ್ತು ಡೇವ್ ಲೆವಿನ್, ಐದನೇ ಕ್ಲಾಸಿನ ಒಂದು ಕೋಣೆಯಲ್ಲಿ ಶುರು ಮಾಡಿದ್ದು. 2000ದಲ್ಲಿ ಗ್ಯಾಪ್ ಬಟ್ಟೆ ಕಂಪನಿಯ ಫಿಶರ್ ದಂಪತಿ ದುಡ್ಡು ಹಾಕಿದರು. ಪ್ರಿನ್ಸಿಪಾಲರನ್ನು ತಯಾರು ಮಾಡಿ ಊರೂರಿಗೆ ಕಳಿಸುವ ವ್ಯವಸ್ಥೆ ಆಯಿತು. ಈಗ 270ಕ್ಕೂ ಹೆಚ್ಚು ಶಾಲೆಗಳಿವೆ. ಒಳ್ಳೆಯ ಶಾಲೆಗಳೇ ಇರಬಹುದು, ಆದರೆ ಅಲ್ಲಿ ಮಾದರಿ ಮೊದಲು, ಊರು ಆಮೇಲೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಜೆಫ್ರಿ ಕೆನಡಾ ಇದಕ್ಕೆ ತೀರಾ ಉಲ್ಟಾ ಮಾಡಿದರು. ಅವರ ಹಾರ್ಲೆಮ್ ಚಿಲ್ಡ್ರನ್ಸ್ ಜ಼ೋನ್ ಬಾಣಂತಿಯರ ತರಗತಿಯಿಂದ ಹಿಡಿದು ಕಾಲೇಜಿನವರೆಗೆ ಎಲ್ಲದರಲ್ಲೂ ಕೈಹಾಕಿತು. 2004ರಲ್ಲಿ ಪ್ರಾಮಿಸ್ ಅಕಾಡೆಮಿ ಅನ್ನುವ ಚಾರ್ಟರ್ ಶಾಲೆ ತೆರೆಯಿತು. ದೇಶವೆಲ್ಲ ಹೊಗಳಿದರೂ ಹಾರ್ಲೆಮ್ ಬಿಟ್ಟು ಅಲ್ಲಾಡಲಿಲ್ಲ. ಹಾಗಾಗಿ ನಿಮ್ಮ ಗುಂಪಿನಲ್ಲಿ ಯಾರಾದರೂ ಈಗಲೇ "ಹತ್ತು ಶಾಲೆ" ಅಂದರೆ, ಯಾಕೆ ಅಂತ ಕೇಳಿ.

ಶಿಕಾಗೋ ಕಥೆ ಉದ್ದ ಇದೆ. ಅದರಲ್ಲಿ ಕಲಿಯುವುದೂ ಜಾಸ್ತಿ.

ಯುನೋ, ಪೂರ್ತಿ ಹೆಸರು ಯುನೈಟೆಡ್ ನೇಬರ್‌ಹುಡ್ ಆರ್ಗನೈಜ಼ೇಷನ್. 1984ರಲ್ಲಿ ಹುಟ್ಟಿತು. ಲ್ಯಾಟಿನೊ ಬಡಾವಣೆಗಳಲ್ಲಿ ಮನೆ ಮನೆಗೆ ಹೋಗಿ ಜನರನ್ನು ಸೇರಿಸಿ, ಅಧಿಕಾರಿಗಳನ್ನು ಸಭೆಗೆ ಕರೆದು ಎಲ್ಲರೆದುರು ಉತ್ತರ ಕೊಡಿಸುವ ಹೋರಾಟದ ಸಂಘ. ಅವರ ದೊಡ್ಡ ದೂರು ಶಾಲೆಗಳ ನೂಕುನುಗ್ಗಲು. 1988ರಲ್ಲಿ ಶಿಕಾಗೋ ಶಾಲೆಗಳ ಸುಧಾರಣೆಗೆ ಒಂದು ಕಾನೂನು ಬಂತು. ಅದಕ್ಕಾಗಿ ಓಡಾಡಿದವರಲ್ಲಿ ಯುನೋ ಕೂಡ ಇತ್ತು. ಆ ಕಾನೂನು ಪ್ರತಿ ಶಾಲೆಗೂ ಒಂದು ಲೋಕಲ್ ಸ್ಕೂಲ್ ಕೌನ್ಸಿಲ್ ಕೊಟ್ಟಿತು. ಚುನಾಯಿತ ಅಪ್ಪ ಅಮ್ಮಂದಿರೇ ಅದರಲ್ಲಿ ಹೆಚ್ಚು. ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ನೆನಪಾಗುತ್ತದೆ, ಅಲ್ವಾ? ಆದರೆ ಎಸ್‌ಡಿಎಂಸಿಗೆ ಇಲ್ಲದ ಒಂದು ಅಧಿಕಾರ ಅವರಿಗೆ ಸಿಕ್ಕಿತು. ಹೆಡ್‌ಮಾಸ್ಟರ್ ಯಾರಾಗಬೇಕು ಅನ್ನುವುದನ್ನು ಅವರೇ ಆರಿಸಬಹುದು, ಬೇಡವಾದರೆ ಬಿಡಿಸಬಹುದು.

ಅಂಥ ಸಂಘ 1996ರಲ್ಲಿ ಹ್ವಾನ್ ರಾಂಜೆಲ್ ಅವರ ಕೈಗೆ ಬಂತು. ಅದೇ ವರ್ಷ ಇಲಿನಾಯ್ ರಾಜ್ಯದ ಚಾರ್ಟರ್ ಕಾನೂನೂ ಆಯಿತು. 1998ರಲ್ಲಿ ಯುನೋ ತನ್ನ ಮೊದಲ ಚಾರ್ಟರ್ ಶಾಲೆ ತೆರೆಯಿತು, ಆಕ್ಟೇವಿಯೊ ಪಾಜ಼್ ಹೆಸರಿನಲ್ಲಿ. ಶಾಲೆ ಕೇಳುತ್ತಿದ್ದವರು ಈಗ ತಾವೇ ಶಾಲೆ ನಡೆಸುವವರಾದರು. ಇದು ಸಣ್ಣ ಬದಲಾವಣೆ ಅಲ್ಲ. ನಿನ್ನೆ ತನಕ ಬಾಗಿಲು ಬಡಿಯುತ್ತಿದ್ದವನಿಗೆ ಇಂದು ತಾನೇ ಬಾಗಿಲ ಒಳಗೆ ಕೂರಬೇಕು. ದೂರು ಹೇಳಲು ಬರುವ ಅಮ್ಮ ಈಗ ಅವನ ಮುಂದೆ ಬಂದು ನಿಲ್ಲುತ್ತಾಳೆ.

ಮೊದಮೊದಲು ಬೆಳವಣಿಗೆ ನಿಧಾನ. ಆಮೇಲೆ ಒಂದೇ ಸಮನೆ ಓಟ. 2009ರಲ್ಲಿ ರಾಜ್ಯ ಸರ್ಕಾರ ಯುನೋಗೆ 9.8 ಕೋಟಿ ಡಾಲರ್ ಅನುದಾನ ಕೊಟ್ಟಿತು, ಬರೀ ಕಟ್ಟಡ ಕಟ್ಟಲು. ಚಾರ್ಟರ್ ಶಾಲೆಗೆ ಇಷ್ಟು ದೊಡ್ಡ ಮೊತ್ತ ಸಿಗುವುದು ಅಪರೂಪ. ರಾಜಕೀಯ ಬಲ ಇಲ್ಲದೆ ಇದು ಆಗುವ ಮಾತಲ್ಲ. ರಾಂಜೆಲ್ ಮುಂದೆ 2011ರಲ್ಲಿ ರಾಮ್ ಇಮ್ಯಾನ್ಯುಯೆಲ್ ಅವರ ಮೇಯರ್ ಚುನಾವಣಾ ಪ್ರಚಾರದ ಸಹ ಅಧ್ಯಕ್ಷರಾಗಿದ್ದರು. ಅದೇ ವರ್ಷ ನಗರದ ನೈಋತ್ಯ ಭಾಗದಲ್ಲಿ ಸಾಕರ್ ಅಕಾಡೆಮಿ ಅನ್ನುವ ಹೊಳೆಯುವ ಲೋಹದ ಮೈಯ ಶಾಲೆ ತೆರೆಯಿತು. ಮಿನಿ ಮಾಲ್ ಶಾಲೆಯ ಪಕ್ಕ ಅದರ ಚಿತ್ರ ಇಟ್ಟು ನೋಡಿ, ಎರಡು ದಾರಿಯ ವ್ಯತ್ಯಾಸ ನಾನು ಹೇಳಬೇಕಾಗಿಲ್ಲ. ಆ ಬಡಾವಣೆಯ ಮಕ್ಕಳಿಗೂ ಚಂದದ ಶಾಲೆ ಬೇಡವಾ ಅಂತ ನೀವು ಕೇಳಬಹುದು. ಬೇಕು, ಖಂಡಿತ ಬೇಕು. ನನ್ನ ತಕರಾರು ಕಟ್ಟಡದ ಚಂದದ ಮೇಲಲ್ಲ.

ತಕರಾರು ಇರುವುದು ಇಲ್ಲಿ. 2013ರ ಆರಂಭದಲ್ಲಿ ಶಿಕಾಗೋ ಸನ್-ಟೈಮ್ಸ್ ಪತ್ರಿಕೆ ಒಂದು ವರದಿ ಮಾಡಿತು. ಸರ್ಕಾರದ ಆ ದುಡ್ಡಿನಲ್ಲಿ ನಡೆದ ಕಾಮಗಾರಿಯ ಗುತ್ತಿಗೆಗಳು ಯುನೋದ ಒಬ್ಬ ಹಿರಿಯ ಅಧಿಕಾರಿಯ ಅಣ್ಣ ತಮ್ಮಂದಿರ ಕಂಪನಿಗಳಿಗೆ ಹೋಗಿದ್ದವು. ರಾಜ್ಯ ಸರ್ಕಾರ ಅನುದಾನ ತಡೆಹಿಡಿಯಿತು. ಆ ವರ್ಷದ ಕೊನೆಗೆ ರಾಂಜೆಲ್ ಹುದ್ದೆ ಬಿಟ್ಟರು. 2014ರ ಜೂನ್‌ನಲ್ಲಿ ಷೇರು, ಬಾಂಡ್ ವ್ಯವಹಾರ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಸ್‌ಇಸಿ ಯುನೋ ಮೇಲೆ ದಾವೆ ಹೂಡಿತು. ಅದು ರಾಜಿಯಲ್ಲಿ ಮುಗಿಯಿತು. ದಾವೆ ಯಾವುದರ ಬಗ್ಗೆ ಅನ್ನುವುದನ್ನು ಸರಿಯಾಗಿ ನೋಡಿ. 2011ರಲ್ಲಿ ಯುನೋ 3.75 ಕೋಟಿ ಡಾಲರಿನ ಬಾಂಡ್ ಮಾರಿ ಸಾಲ ಎತ್ತಿತ್ತು. ನೆಂಟರಿಗೆ ಗುತ್ತಿಗೆ ಕೊಟ್ಟ ವಿಷಯವನ್ನು ಸಾಲ ಕೊಟ್ಟವರಿಗೆ ಸರಿಯಾಗಿ ತಿಳಿಸಲಿಲ್ಲ ಅನ್ನುವುದೇ ಆರೋಪ. ರಾಜ್ಯದ ಅನುದಾನದ ಕರಾರಿನಲ್ಲಿ ಇಂಥ ಸಂಬಂಧ ಇದ್ದರೆ ತಿಳಿಸಬೇಕು ಅನ್ನುವ ಷರತ್ತಿತ್ತು. ಷರತ್ತು ಮುರಿದದ್ದಕ್ಕೆ ರಾಜ್ಯ ದುಡ್ಡು ವಾಪಸ್ ಕೇಳಿದರೆ ಸಾಲ ತೀರಿಸುವುದು ಹೇಗೆ?

ಮಕ್ಕಳಿಗೆ ಕಲಿಸುವುದರಲ್ಲಿ ಏನೋ ಎಡವಟ್ಟಾಗಿ ಈ ಜಾಲ ಎಡವಲಿಲ್ಲ. ಎಡವಿದ್ದು ಕಿಟಕಿ ಗಾಜಿನ ಗುತ್ತಿಗೆಯಲ್ಲಿ. ಗಾಜು ಕೂರಿಸುವ ಕೆಲಸ ಯಾರಿಗೆ ಕೊಡಬೇಕು ಅನ್ನುವ ಕಾಗದ ಬೋರ್ಡಿನ ಮುಂದೆ ಬಂದಾಗ "ಇವರು ನಮ್ಮವರ ತಮ್ಮ ಅಲ್ವಾ?" ಅಂತ ಗಟ್ಟಿಯಾಗಿ ಕೇಳುವವರು ಇರಬೇಕಿತ್ತು. 1988ರಲ್ಲಿ ಇದೇ ಸಂಘ ಸರ್ಕಾರಿ ಶಾಲೆಗಳಿಗೆ ಚುನಾಯಿತ ಪೋಷಕರ ಕೌನ್ಸಿಲ್ ತರಲು ಹೋರಾಡಿತ್ತು. ತನ್ನದೇ ಚಾರ್ಟರ್ ಶಾಲೆಗಳಿಗೆ ಅಂಥ ಕೌನ್ಸಿಲ್ ಇರಲಿಲ್ಲ, ಕಾನೂನು ಅದನ್ನು ಕೇಳುತ್ತಲೂ ಇರಲಿಲ್ಲ.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. 2013ರಲ್ಲೇ ಮೇಷ್ಟ್ರುಗಳು ಯೂನಿಯನ್ ಕಟ್ಟಿದರು. ಶಾಲೆಗಳು ಯುನೋದಿಂದ ಬೇರೆಯಾಗಿ ಆಸೆರೊ ಅನ್ನುವ ಹೊಸ ಹೆಸರು ಪಡೆದವು. 2018ರ ಡಿಸೆಂಬರ್‌ನಲ್ಲಿ ಆಸೆರೊದ 15 ಶಾಲೆಗಳ 500ಕ್ಕೂ ಹೆಚ್ಚು ಶಿಕ್ಷಕರು ಮುಷ್ಕರಕ್ಕಿಳಿದರು. ಅಮೆರಿಕದ ಚಾರ್ಟರ್ ಜಾಲವೊಂದರಲ್ಲಿ ನಡೆದ ಮೊದಲ ಮುಷ್ಕರ ಅದು. ಸಂಬಳದ ಜೊತೆಗೆ ಅವರು ಕೇಳಿದ್ದರಲ್ಲಿ ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಮಾಡಿ ಅನ್ನುವುದೂ ಇತ್ತು, ದಾಖಲೆ ಇಲ್ಲದ ವಲಸಿಗರ ಮಕ್ಕಳಿಗೆ ಶಾಲೆಯಲ್ಲಿ ರಕ್ಷಣೆ ಬೇಕು ಅನ್ನುವುದೂ ಇತ್ತು. ಸಮುದಾಯದ ದನಿ ಕೊನೆಗೆ ಬಂದದ್ದು ಬೋರ್ಡಿನಿಂದಲ್ಲ, ಮೇಷ್ಟ್ರುಗಳ ಕಡೆಯಿಂದ.

2024ರ ಅಕ್ಟೋಬರ್‌ನಲ್ಲಿ ಆಸೆರೊ ತನ್ನ 15ರಲ್ಲಿ 7 ಶಾಲೆ ಮುಚ್ಚುತ್ತೇನೆ ಅಂದಿತು. ಮಕ್ಕಳು ಕಡಿಮೆಯಾಗಿದ್ದಾರೆ, ಬಜೆಟ್ ಕೂಡಿ ಬರುತ್ತಿಲ್ಲ ಅಂತ ಕಾರಣ ಕೊಟ್ಟಿತು. ಪಿಲ್ಸನ್‌ನಂಥ ಬಡಾವಣೆಗಳಲ್ಲಿ ಬಾಡಿಗೆ ಏರಿ ಎಷ್ಟೋ ಲ್ಯಾಟಿನೊ ಕುಟುಂಬಗಳು ಊರಾಚೆ ಹೋಗಿದ್ದವು. ಮುಚ್ಚುವ ಪಟ್ಟಿಯಲ್ಲಿ 1998ರ ಆ ಮೊದಲ ಶಾಲೆ ಪಾಜ಼್ ಕೂಡ ಇತ್ತು. ಅಪ್ಪ ಅಮ್ಮಂದಿರು ಬೀದಿಗೆ ಬಂದರು. ಕೊನೆಗೆ ನಗರದ ಶಿಕ್ಷಣ ಮಂಡಳಿ ಐದು ಶಾಲೆಗಳನ್ನು ಉಳಿಸಿಕೊಳ್ಳುವ ತೀರ್ಮಾನ ಮಾಡಿತು.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಒಳ್ಳೆಯ ಜನವೂ ಯಾಕೆ ಓಡತೊಡಗುತ್ತಾರೆ ಅನ್ನುವುದು ಇಲ್ಲೇ ತಿಳಿಯುವುದು.

ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಬರುವುದು ದಾಖಲಾದ ಮಕ್ಕಳ ಲೆಕ್ಕಕ್ಕಲ್ಲ, ಸರಾಸರಿ ಹಾಜರಾತಿಯ ಲೆಕ್ಕಕ್ಕೆ. ನಿಮ್ಮಲ್ಲಿ 120 ಮಕ್ಕಳಿದ್ದು, ದಿನಕ್ಕೆ ಸರಾಸರಿ ಆರು ಮಕ್ಕಳು ಬರದಿದ್ದರೆ 114 ಮಕ್ಕಳ ದುಡ್ಡು ಬರುತ್ತದೆ. ಆದರೆ ಮೇಷ್ಟ್ರು, ಬಾಡಿಗೆ, ವಿಮೆ, ಕರೆಂಟು ಎಲ್ಲ 120ಕ್ಕೇ. ಡಿಸೆಂಬರ್‌ನಲ್ಲಿ ಎಷ್ಟು ಕುಟುಂಬಗಳು ಅಗ್ಗದ ಟಿಕೆಟ್ ನೋಡಿಕೊಂಡು, ಶಾಲೆಯ ರಜೆಗೆ ಮುಂಚೆಯೇ ಬೆಂಗಳೂರಿಗೆ ಹೊರಟುಬಿಡುತ್ತವೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದು ನೇರವಾಗಿ ಶಾಲೆಯ ಆದಾಯಕ್ಕೆ ಬೀಳುವ ಹೊಡೆತ. ಇದರ ಜೊತೆಗೆ ಒಪ್ಪಂದ ಕೊಟ್ಟ ಡಿಸ್ಟ್ರಿಕ್ಟ್ ಉಸ್ತುವಾರಿ ಖರ್ಚು ಅಂತ ಶೇ 1ರವರೆಗೆ ಹಿಡಿದುಕೊಳ್ಳಬಹುದು.

ಕಟ್ಟಡಕ್ಕೆ ದುಡ್ಡು ಬೇರೆ ಬರುವುದು ಅಷ್ಟಕ್ಕಷ್ಟೆ. ಪ್ರೊಪೊಸಿಷನ್ 39 ಪ್ರಕಾರ ಡಿಸ್ಟ್ರಿಕ್ಟ್ ತನ್ನ ಕಟ್ಟಡಗಳಲ್ಲಿ ಚಾರ್ಟರ್ ಶಾಲೆಗೂ ಜಾಗ ಕೊಡಬೇಕು. ಆದರೆ ಅದಕ್ಕೆ ವರ್ಷ ವರ್ಷ ಅರ್ಜಿ ಹಾಕಬೇಕು. ಈ ವರ್ಷ ಕೊಟ್ಟ ಕೋಣೆ ಮುಂದಿನ ವರ್ಷ ಇರುತ್ತದೆ ಅನ್ನುವ ಭರವಸೆ ಇಲ್ಲ. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಬಾಡಿಗೆಯಲ್ಲಿ ಒಂದು ಪಾಲು ಹಿಂದಿರುಗಿಸುವ ರಾಜ್ಯದ ಯೋಜನೆಯೂ ಇದೆ. ಅದನ್ನು ಖಂಡಿತ ನೋಡಿ.

ಸ್ವಂತ ಕಟ್ಟಡ ಬೇಕು ಅಂತ ಸಾಲ ಮಾಡಿದಿರಿ ಅನ್ನಿ. ಸಾಲ ಕೊಡುವವನು ಕೇಳುವ ಮೊದಲ ಪ್ರಶ್ನೆ, ಐದು ವರ್ಷಕ್ಕೆ ಎಷ್ಟು ಮಕ್ಕಳಾಗುತ್ತಾರೆ? ನೀವು ಒಂದು ಸಂಖ್ಯೆ ಬರೆದುಕೊಡುತ್ತೀರಿ. ಅವತ್ತಿನಿಂದ ಆ ಸಂಖ್ಯೆ ನಿಮ್ಮನ್ನು ಓಡಿಸುತ್ತದೆ. ಒಂದು ಶಾಲೆಗೆ ಒಬ್ಬ ಅಕೌಂಟೆಂಟು, ವಿಶೇಷ ಅಗತ್ಯವಿರುವ ಮಕ್ಕಳಿಗೆ ತಜ್ಞರು, ಸರ್ಕಾರಕ್ಕೆ ವರದಿ ಕಳಿಸುವವರು, ಇಷ್ಟನ್ನೆಲ್ಲ ಇಟ್ಟುಕೊಳ್ಳುವುದು ದುಬಾರಿ. ಎರಡು ಮೂರು ಶಾಲೆಗಳಾದರೆ ಆ ಖರ್ಚು ಹಂಚಿಹೋಗುತ್ತದೆ. ಆಗ ಕೇಂದ್ರ ಕಚೇರಿ ಹುಟ್ಟುತ್ತದೆ. ಪ್ರತಿ ಶಾಲೆಯ ಆದಾಯದಿಂದ ಒಂದು ಪಾಲು ಅದಕ್ಕೆ ಹೋಗುತ್ತದೆ. ಕಚೇರಿ ದೊಡ್ಡದಾದಂತೆ ಅದನ್ನು ಸಾಕಲು ಇನ್ನೊಂದು ಶಾಲೆ ಬೇಕು ಅನ್ನಿಸುತ್ತದೆ. ಇದರಲ್ಲಿ ಯಾರದ್ದೂ ದುರುದ್ದೇಶ ಇರಬೇಕಾಗಿಲ್ಲ.

ಮಿನೆಸೋಟದ ಒಂದು ಉದಾಹರಣೆ ನಿಮಗೆ ತೀರಾ ಹತ್ತಿರದ್ದು. ಸೇಂಟ್ ಪಾಲ್‌ನಲ್ಲಿ ಮೋಂಗ್ ಜನರ ದೊಡ್ಡ ಸಮುದಾಯ ಇದೆ. ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದವರು. ತಮ್ಮ ಭಾಷೆ, ಸಂಸ್ಕೃತಿ ಉಳಿಸಿಕೊಂಡೇ ಮಕ್ಕಳು ಕಾಲೇಜಿಗೆ ಹೋಗಲಿ ಅಂತ ಅವರಲ್ಲೇ ಮೋಂಗ್ ಕಾಲೇಜ್ ಪ್ರೆಪ್ ಅಕಾಡೆಮಿ ಅನ್ನುವ ಚಾರ್ಟರ್ ಶಾಲೆ ಹುಟ್ಟಿತು, ಚೆನ್ನಾಗಿ ಬೆಳೆಯಿತು. ಮಾಧ್ಯಮಿಕ ಶಾಲೆಗೆ ಹೊಸ ಕಟ್ಟಡ ಬೇಕಾಯಿತು. ಇದ್ದ ದುಡ್ಡನ್ನು ಬೆಳೆಸೋಣ ಅಂತ 50 ಲಕ್ಷ ಡಾಲರನ್ನು ಒಂದು ಹೆಡ್ಜ್ ಫಂಡ್‌ನಲ್ಲಿ, ಅಂದರೆ ಅಪಾಯ ಜಾಸ್ತಿ ಇರುವ ಖಾಸಗಿ ಹೂಡಿಕೆ ನಿಧಿಯಲ್ಲಿ, ಹಾಕಿದರು. 43 ಲಕ್ಷ ಡಾಲರ್ ಹೋಯಿತು. ಸಾರ್ವಜನಿಕ ದುಡ್ಡನ್ನು ಅಂಥ ಕಡೆ ಹಾಕಲು ರಾಜ್ಯದ ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ. ಇಲ್ಲೂ ಮುಗ್ಗರಿಸಿದ್ದು ಕಟ್ಟಡದ ಹಿಂದೆ ಹೋಗಿ.

ಇನ್ನು ಕನ್ನಡದ ವಿಷಯ. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಚಾರ್ಟರ್ ಶಾಲೆ ಸಾರ್ವಜನಿಕ ಶಾಲೆ. ಕನ್ನಡದ ಮಕ್ಕಳಿಗೆ ಸೀಟು ಕಾದಿರಿಸುವಂತಿಲ್ಲ. ಸ್ಥಾಪಕರ ಮಕ್ಕಳಿಗೆ, ಈಗಾಗಲೇ ಓದುತ್ತಿರುವವರ ತಮ್ಮ ತಂಗಿಯರಿಗೆ ಒಂದು ಮಿತಿಯಲ್ಲಿ ಆದ್ಯತೆ ಕೊಡಬಹುದು. ಉಳಿದದ್ದು ಚೀಟಿ. ಭಾಷೆ ಕಲಿಸಬಹುದು. ಫ್ಲಾರಿಡಾದಲ್ಲಿ 2007ರಲ್ಲಿ ಹೀಬ್ರೂ ಭಾಷೆಯ ಬೆನ್ ಗಮ್ಲಾ ಶಾಲೆ ತೆರೆದಾಗ ಇದು ಭಾಷೆಯ ಶಾಲೆಯೋ ಧರ್ಮದ ಶಾಲೆಯೋ ಅಂತ ದೊಡ್ಡ ಗಲಾಟೆಯಾಯಿತು. ಪಾಠದ ಪುಸ್ತಕ ಮೊದಲಾಗಿ ಎಲ್ಲವನ್ನೂ ತಿದ್ದಿ, ತೂಗಿ ನೋಡಿಸಿಕೊಳ್ಳಬೇಕಾಯಿತು. ಒಕ್ಲಹೋಮದಲ್ಲಿ ಕ್ಯಾಥೊಲಿಕ್ ಚರ್ಚಿನವರು ನೇರವಾಗಿ ಧಾರ್ಮಿಕ ಚಾರ್ಟರ್ ಶಾಲೆಯನ್ನೇ ತೆರೆಯಹೊರಟರು. ರಾಜ್ಯದ ನ್ಯಾಯಾಲಯ ಬೇಡ ಅಂದಿತು. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ 4–4ರಲ್ಲಿ ನಿಂತುಹೋದ್ದರಿಂದ ಆ ತೀರ್ಪೇ ಉಳಿಯಿತು. ಹಾಗಾಗಿ ಶಾಲೆಯಲ್ಲಿ ವಚನ ಓದಿಸುವುದು ಸಾಹಿತ್ಯ. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಪ್ರಾರ್ಥನೆ ಹೇಳಿಸಿದರೆ ತೊಂದರೆ. ಸರಸ್ವತಿ ಪೂಜೆಯ ಆಸೆ ಇದ್ದರೆ ಅದು ಕನ್ನಡ ಕೂಟದಲ್ಲೇ ಇರಲಿ.

ಕನ್ನಡ ಕಲಿಯ ಅಕ್ಕಂದಿರೇ ಇಲ್ಲೂ ಪಾಠ ಮಾಡಲಿ ಅಂತಲೂ ಅಂದುಕೊಂಡಿರಬಹುದು. 2019ರ ಕಾನೂನಿನ ನಂತರ ಕ್ಯಾಲಿಫೋರ್ನಿಯಾದ ಚಾರ್ಟರ್ ಶಾಲೆಗಳಲ್ಲೂ ಪಾಠ ಮಾಡುವವರಿಗೆ ರಾಜ್ಯದ ಶಿಕ್ಷಕ ಪರವಾನಗಿ ಬೇಕು. ಕನ್ನಡವೂ ಬರುವ, ಪರವಾನಗಿಯೂ ಇರುವ ಎಷ್ಟು ಜನ ಸಿಗುತ್ತಾರೆ ನಿಮ್ಮ ಊರಿನಲ್ಲಿ? ನೀವು ಹೇಳಿದ ಮೆಕ್ಸಿಕನ್ ಕುಟುಂಬಗಳನ್ನು ನೋಡಿದರೆ ಸ್ಪ್ಯಾನಿಷ್–ಇಂಗ್ಲಿಷ್ ಶಾಲೆ ಮಾಡಿ, ಕನ್ನಡವನ್ನು ಸಂಜೆಯ ತರಗತಿಯಾಗಿ ಇಡುವುದು ಹೆಚ್ಚು ನಡೆಯುವ ಮಾತು. ಅದಕ್ಕೆ ನಿಮ್ಮ ಗುಂಪಿನ ಉತ್ಸಾಹ ಉಳಿಯುತ್ತದಾ ಅನ್ನುವುದನ್ನು ನೀವೇ ಕೇಳಿಕೊಳ್ಳಿ.

ಚಾರ್ಟರ್ ಶಾಲೆಯಲ್ಲಿ ಮಕ್ಕಳು ಚೆನ್ನಾಗಿ ಕಲಿಯುತ್ತಾರಾ? ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳೇ ಕೇಳುತ್ತಾರೆ. ಸ್ಟ್ಯಾನ್‌ಫರ್ಡ್‌ನ ಕ್ರೆಡೊ ತಂಡ 2009ರಲ್ಲಿ ನೋಡಿದಾಗ ಗಣಿತದಲ್ಲಿ ಶೇ 17 ಚಾರ್ಟರ್ ಶಾಲೆಗಳು ಅಕ್ಕಪಕ್ಕದ ಶಾಲೆಗಳಿಗಿಂತ ಮೇಲು, ಶೇ 37 ಕೀಳು. 2023ರ ಅವರ ವರದಿಯಲ್ಲಿ ಸರಾಸರಿ ಚಾರ್ಟರ್ ಮಗು ವರ್ಷಕ್ಕೆ ಓದಿನಲ್ಲಿ 16 ದಿನದ ಪಾಠದಷ್ಟು, ಗಣಿತದಲ್ಲಿ 6 ದಿನದಷ್ಟು ಮುಂದಿತ್ತು. ಆನ್‌ಲೈನ್ ಚಾರ್ಟರ್ ಶಾಲೆಗಳದ್ದು ಮಾತ್ರ ತೀರಾ ಹಿಂದೆ. ಸರಾಸರಿ ಲೆಕ್ಕ ನೋಡಿ ಸುಮ್ನೆ ಜಗಳ ಆಡುವುದರಲ್ಲಿ ಅರ್ಥ ಇಲ್ಲ. ನಿಮ್ಮ ಬೀದಿಯ ಸರ್ಕಾರಿ ಶಾಲೆ ಹೇಗಿದೆ ಅನ್ನುವುದೇ ನಿಮಗೆ ಬೇಕಾದ ಹೋಲಿಕೆ. ಅದು ಚೆನ್ನಾಗಿದ್ದರೆ, ಎರಡು ಭಾಷೆಯ ತರಗತಿ ಇಲ್ಲೇ ಶುರು ಮಾಡಿ ಅಂತ ಡಿಸ್ಟ್ರಿಕ್ಟನ್ನೇ ಕೇಳುವುದು ಹತ್ತು ಪಟ್ಟು ಸುಲಭ. ನಾನಾಗಿದ್ದರೆ ಮೊದಲು ಅದನ್ನೇ ಮಾಡುತ್ತಿದ್ದೆ.

ಇಷ್ಟಾದ ಮೇಲೂ ಶಾಲೆ ಬೇಕು ಅಂದರೆ ಹೀಗೆ ಹೊರಡಿ. ಅರ್ಜಿಗೆ ಮೊದಲ ವರ್ಷ ಸೇರಬಹುದಾದ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳ ಪೋಷಕರ ಸಹಿ ಬೇಕು, ಇಲ್ಲವೇ ಮೊದಲ ವರ್ಷ ಬೇಕಾಗುವ ಶಿಕ್ಷಕರ ಸಂಖ್ಯೆಯ ಅರ್ಧದಷ್ಟಾದರೂ, ಅಲ್ಲಿ ಕಲಿಸಲು ಆಸಕ್ತಿ ಇರುವ ಶಿಕ್ಷಕರದ್ದು. ಪೋಷಕರ ಸಹಿಯನ್ನೇ ಸಂಗ್ರಹಿಸಿ. ಬರೀ ಕೂಟದ ಕಾರ್ಯಕ್ರಮದಲ್ಲಿ ಪೆನ್ನು ಹಿಡಿದು ನಿಲ್ಲಬೇಡಿ, ಲಾಂಡ್ರಿ ಅಂಗಡಿ, ಪಾರ್ಕು, ಚರ್ಚಿನ ಬಾಗಿಲು ಎಲ್ಲ ಕಡೆ ಹೋಗಿ. 2019ರಿಂದ ಡಿಸ್ಟ್ರಿಕ್ಟ್ ಇನ್ನೊಂದನ್ನೂ ನೋಡುತ್ತದೆ. ಈ ಶಾಲೆ ಬಂದರೆ ನಮ್ಮ ಶಾಲೆಗಳ ಹಣಕಾಸಿಗೆ ಏನಾಗುತ್ತದೆ, ಸುತ್ತಲಿನ ಜನಕ್ಕೆ ಇದು ಬೇಕಾ ಅಂತ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಡಿಸ್ಟ್ರಿಕ್ಟ್ ಆದರೆ ಅರ್ಜಿ ತಿರಸ್ಕಾರವಾಗುವ ಸಾಧ್ಯತೆ ಜಾಸ್ತಿ.

ಬೋರ್ಡಿನ ನಿಯಮಗಳನ್ನು ಬರೆಯುವಾಗ ಮಾತ್ರ ಆತುರ ಬೇಡ. 2019ರ ಎಸ್‌ಬಿ 126 ಕಾನೂನಿನ ಪ್ರಕಾರ ಕ್ಯಾಲಿಫೋರ್ನಿಯಾದ ಚಾರ್ಟರ್ ಬೋರ್ಡ್ ಸಭೆಗಳು ಎಲ್ಲರಿಗೂ ತೆರೆದಿರಬೇಕು, ಕೇಳಿದವರಿಗೆ ಕಾಗದಪತ್ರ ಕೊಡಬೇಕು. ಬೋರ್ಡಿನವರು ತಮ್ಮ ಲಾಭ ಇರುವ ಗುತ್ತಿಗೆ ಮಾಡಿಕೊಳ್ಳುವಂತಿಲ್ಲ. ಶಿಕಾಗೋದಲ್ಲಿ ನಡೆದದ್ದನ್ನು ಓದಿಕೊಂಡು ನೋಡಿದರೆ ಈ ಕಾನೂನಿನ ಒಂದೊಂದು ಸಾಲೂ ಅರ್ಥವಾಗುತ್ತದೆ. ಅದು ಕನಿಷ್ಠ. ಅದರ ಮೇಲೆ ನೀವೇ ಇನ್ನೆರಡು ಸೇರಿಸಿಕೊಳ್ಳಿ. ಬೋರ್ಡಿನಲ್ಲಿ ಅರ್ಧದಷ್ಟು ಜನ ಓದುತ್ತಿರುವ ಮಕ್ಕಳ ಪೋಷಕರಾಗಿರಲಿ, ಅವರನ್ನು ಉಳಿದ ಪೋಷಕರೇ ಮತ ಹಾಕಿ ಆರಿಸಲಿ. ಎರಡನೇ ಶಾಲೆಗೋ ಕಟ್ಟಡದ ಸಾಲಕ್ಕೋ ಕೈಹಾಕುವ ಮುಂಚೆ ಆ ಪೋಷಕರ ಸಭೆಯ ಒಪ್ಪಿಗೆ ಕಡ್ಡಾಯ ಅಂತ ಬರೆದಿಡಿ. ವಕೀಲರು ಇದು ಬೇಡ, ಕೈ ಕಟ್ಟಿದಂತಾಗುತ್ತದೆ ಅನ್ನಬಹುದು. ಕಟ್ಟಲಿ ಬಿಡಿ. ಸಭೆಯನ್ನು ಇಂಗ್ಲಿಷ್ ಜೊತೆ ಸ್ಪ್ಯಾನಿಷ್‌ನಲ್ಲೂ ನಡೆಸಿ, ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಯಾರನ್ನಾದರೂ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಂಜೆ ಆರಕ್ಕೆ ಬರುವವರು ಸಾಫ್ಟ್‌ವೇರ್ ಕೆಲಸದ ಅಪ್ಪಂದಿರು ಮಾತ್ರ.

ಮೊದಲ ಐದು ವರ್ಷ ಬಾಡಿಗೆ ಜಾಗದಲ್ಲೇ ಇರಿ. ಕಿಂಡರ್‌ಗಾರ್ಟನ್ ಮತ್ತು ಒಂದನೇ ಕ್ಲಾಸಿನಿಂದ ಶುರು ಮಾಡಿ, ವರ್ಷಕ್ಕೊಂದು ಕ್ಲಾಸು ಸೇರಿಸುತ್ತಾ ಹೋಗಿ. ಒಪ್ಪಂದ ಒಮ್ಮೆ ನವೀಕರಣ ಆಗುವವರೆಗೆ ಎರಡನೇ ಶಾಲೆಯ ಮಾತು ಎತ್ತಬೇಡಿ. ಅರ್ಜಿ ಬರೆಯಲು ಕೂರುವ ಮುಂಚೆ ನಿಮ್ಮ ಡಿಸ್ಟ್ರಿಕ್ಟಿನ ಚಾರ್ಟರ್ ವಿಭಾಗಕ್ಕೆ ಹೋಗಿ, ಈಚೆಗೆ ತಿರಸ್ಕಾರವಾದ ಅರ್ಜಿಗಳನ್ನೂ ಅವುಗಳ ಮೇಲೆ ಸಿಬ್ಬಂದಿ ಬರೆದ ವರದಿಗಳನ್ನೂ ಕೇಳಿ ಪಡೆಯಿರಿ. ಅವು ಸಾರ್ವಜನಿಕ ದಾಖಲೆಗಳು. ಒಪ್ಪಿಗೆ ಸಿಕ್ಕ ಅರ್ಜಿಗಿಂತ ಅವನ್ನು ಓದಿದರೆ ಜಾಸ್ತಿ ತಿಳಿಯುತ್ತದೆ. ಆ ವರದಿಗಳಲ್ಲಿ ಬಜೆಟ್ ಭಾಗ ಅರ್ಥವಾಗದಿದ್ದರೆ ಆ ಪುಟಗಳನ್ನು ಮಾತ್ರ ನನಗೆ ಕಳಿಸಿ, ನೋಡಿ ಹೇಳುತ್ತೇನೆ.